ಗಲಾಪಗಸ್‌ನ ಮರಗಳ್ಳಿ ಬೀಜ ತರಿಸಬಹುದಾ?

ಅಣ್ಣಾ, ಒಂದು ವಿಡಿಯೋ ನೋಡಿ, ಚಳ್ಳಕೆರೆ ಕಡೆಯ ಒಣಭೂಮಿಗೆ ಗಲಾಪಗಸ್ ದ್ವೀಪದ ಮರದಂಥ ಪಾಪಾಸುಕಳ್ಳಿ ಹಾಕಬಹುದಾ, ಆನ್‌ಲೈನ್‌ನಲ್ಲಿ ಬೀಜ ಸಿಗ್ತಿದೆ, ಕುರಿ ಮೇಕೆಗೂ ಮೇವಾಗುತ್ತಾ ಅಂತ ಕೇಳಿದ್ದೀರಿ. ಆ ಬೀಜಕ್ಕೆ ದುಡ್ಡು ಹಾಕಬೇಡಿ. ಮೇವಿಗೆ ಬೇರೆ ದಾರಿ ಇದೆ.

ವಿಡಿಯೋದಲ್ಲಿ ನೀವು ನೋಡಿದ್ದು ಒಪುನ್ಷಿಯಾ, ಅಂದರೆ ಪಾಪಾಸುಕಳ್ಳಿಯ ಕುಲ. ಈಕ್ವೆಡಾರ್‌ಗೆ ಸೇರಿದ ಆ ದ್ವೀಪಗಳಲ್ಲಿ ಇದರ ಹಲವು ಜಾತಿಗಳಿವೆ, ಆ ಜಾತಿಗಳು ಬೇರೆಲ್ಲೂ ಕಾಡಲ್ಲಿ ಬೆಳೆಯುವುದಿಲ್ಲ. ಎಳೆಯದರಲ್ಲಿ ಬುಡದಿಂದಲೇ ಮುಳ್ಳು. ಬಲಿತ ಮೇಲೆ ಕಾಂಡದ ಮುಳ್ಳು ಉದುರಿ, ಕೆಂಪು ಕಂದು ತೊಗಟೆ ಕಾಗದದ ಹಾಗೆ ಪದರ ಪದರವಾಗಿ ಏಳುತ್ತದೆ. ದೈತ್ಯ ಆಮೆಗಳಿದ್ದ ದ್ವೀಪಗಳಲ್ಲಿ ಇದು ಮರ, ಆಮೆ ಇಲ್ಲದ ಕೆಲವು ಕಡೆ ಬರೀ ಪೊದೆ. ಆಮೆ ಬಾಯಿಗೆ ಸಿಗದಿರಲಿ ಅಂತಲೇ ಎತ್ತರ ಬೆಳೆಯಿತು ಅನ್ನುವುದು ಬಹಳ ಜನ ಒಪ್ಪುವ ಮಾತು.

ಆಮೆಯಿಂದ ತಪ್ಪಿಸಿಕೊಂಡದ್ದು ಮೇಕೆಗೆ ಸಿಕ್ಕಿಬಿತ್ತು. ಗಲಾಪಗಸ್‌ನ ಎಸ್ಪನ್ಯೋಲಾ ದ್ವೀಪದಲ್ಲಿ ಮನುಷ್ಯರು ತಂದುಬಿಟ್ಟ ಮೇಕೆಗಳು ಸಸಿ ಮೇಯ್ದವು, ದೊಡ್ಡ ಮರದ ಬುಡವನ್ನೂ ಕಡಿದು ಉರುಳಿಸಿದವು. 1978ರಲ್ಲಿ ಅಲ್ಲಿನ ಮೇಕೆಗಳನ್ನು ಪೂರ್ತಿ ತೆಗೆದರು. ಆದರೂ ಕಳ್ಳಿ ಬೇಗ ಚೇತರಿಸಲಿಲ್ಲ. ಮೇಯುವವರಿಲ್ಲದೆ ಕುರುಚಲು ದಟ್ಟವಾಯಿತು. ಬೀಜ ಹರಡಬೇಕಾದ ಆಮೆಗಳೂ ಅಲ್ಲಿರಲಿಲ್ಲ. ಕೊನೆಗೆ ಉಳಿದಿದ್ದ 12 ಹೆಣ್ಣು, 2 ಗಂಡು ಆಮೆಗಳನ್ನು ಸಾಂತಾ ಕ್ರೂಸ್ ದ್ವೀಪಕ್ಕೆ ಒಯ್ದು ಮರಿ ಮಾಡಿಸುತ್ತಿದ್ದರು. ಅಮೆರಿಕದ ಸ್ಯಾನ್ ಡಿಯಾಗೋ ಮೃಗಾಲಯದಿಂದ ಇನ್ನೊಂದು ಗಂಡು ಬಂತು. 2020ರ ಹೊತ್ತಿಗೆ ಸುಮಾರು 2000 ಆಮೆ ವಾಪಸ್ ಹೋಗಿದ್ದವು. ಆಮೆ ಹಣ್ಣು ತಿಂದು ದೂರ ಹೋಗಿ ಲದ್ದಿ ಹಾಕುತ್ತದೆ, ಬೀಜಕ್ಕೆ ಹೊಸ ಜಾಗ ಸಿಗುತ್ತದೆ.

ಅಲ್ಲಿನ ಸಂಶೋಧನಾ ಸಂಸ್ಥೆ ಚಾರ್ಲ್ಸ್ ಡಾರ್ವಿನ್ ಫೌಂಡೇಶನ್‌ನವರು ಕಳ್ಳಿ ಸಸಿಗಳನ್ನೂ ನೆಟ್ಟರು. ಅವರ ಉಪಾಯ ನಿಮ್ಮ ಹೊಲಕ್ಕೂ ಬರುತ್ತದೆ. ಮುಚ್ಚಳವಿರುವ ಬಕೆಟ್ ಅದು, ನಡುವೆ ತಳದವರೆಗೂ ತೂತು, ಆ ತೂತಿನಲ್ಲಿ ಸಸಿ. ಮುಚ್ಚಳದ ಮೇಲೆ ಬಿದ್ದ ಮಳೆ, ಇಬ್ಬನಿ ಒಳಗೆ ಇಳಿಯುತ್ತದೆ. ತಳದ ಬತ್ತಿಯೊಂದು ಬೇರಿಗೆ ಸ್ವಲ್ಪ ಸ್ವಲ್ಪವೇ ನೀರು ಕೊಡುತ್ತದೆ. ಹುಣಸೆ, ಬೇವಿನ ಸಸಿಯ ಪಕ್ಕ ನೀರು ತುಂಬಿದ ಹಳೇ ಪೇಂಟ್ ಬಕೆಟ್ ಇಟ್ಟು, ತಳದಿಂದ ಹತ್ತಿ ಹಗ್ಗ ಬೇರಿನ ಹತ್ತಿರಕ್ಕೆ ಬಿಟ್ಟು ನೋಡಿ. ಬೇಸಿಗೆಯಲ್ಲಿ ಮುಚ್ಚಳ ಮಾತ್ರ ಭದ್ರವಾಗಿರಲಿ.

ಈಗ ಬೀಜದ ವಿಷಯ. ಗಲಾಪಗಸ್ ರಾಷ್ಟ್ರೀಯ ಉದ್ಯಾನದಿಂದ ಒಂದು ಕಲ್ಲನ್ನೂ ತೆಗೆದುಕೊಂಡು ಹೋಗುವ ಹಾಗಿಲ್ಲ. ಹೊರದೇಶದ ಬೀಜ ಇಲ್ಲಿಗೆ ತರಲು ಆಮದು ಪರವಾನಗಿ, ಅಲ್ಲಿಯ ಸಸ್ಯ ಆರೋಗ್ಯ ಪ್ರಮಾಣಪತ್ರ ಎರಡೂ ಬೇಕು. ಆನ್‌ಲೈನ್ ಪ್ಯಾಕೆಟ್ಟಿನಲ್ಲಿ ಇವೆಲ್ಲ ಎಲ್ಲಿ ಇರುತ್ತವೆ? ಒಳಗೆ ಯಾವ ಕಳ್ಳಿಯ ಬೀಜ ಇದೆ ಅಂತ ಗೊತ್ತಾಗಲು ವರ್ಷಗಟ್ಟಲೆ ಕಾಯಬೇಕು. ಹೊರಗಿಂದ ಬಂದ ಪಾಪಾಸುಕಳ್ಳಿ ನಮ್ಮ ದೇಶದಲ್ಲಿ ಒಮ್ಮೆ ಕಳೆಯಾಗಿ ಹಬ್ಬಿತ್ತು. ಅದನ್ನು ಅಡಗಿಸಲು 1926ರಲ್ಲಿ ಶ್ರೀಲಂಕಾದಿಂದ ಕೊಚಿನಿಲ್ ಅನ್ನುವ, ಕಳ್ಳಿಯ ರಸ ಹೀರುವ ಹುಳು ತರಿಸಬೇಕಾಯಿತು.

ಮೇವಿಗೆ ಮುಳ್ಳಿಲ್ಲದ ಪಾಪಾಸುಕಳ್ಳಿ ಹಾಕಿ. ಜೋಧಪುರದ ಒಣಭೂಮಿ ಸಂಶೋಧನಾ ಸಂಸ್ಥೆ ಕಾಜ್ರಿ ಇದರ ಮೇಲೆ ಕೆಲಸ ಮಾಡಿದೆ, ನಿಮ್ಮ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ ನೋಡಿ. ಬಲಿತ ಚಪ್ಪಟೆ ತುಂಡನ್ನು ಕೀಲಿನಲ್ಲಿ ಕೊಯ್ದು ನೆರಳಲ್ಲಿಡಿ. ಗಾಯ ಒಣಗಿ ಗಟ್ಟಿಯಾಗಲು ಒಂದೆರಡು ವಾರ ಬೇಕು, ಹಸಿ ಇದ್ದಾಗಲೇ ನೆಟ್ಟರೆ ಕೊಳೆಯುತ್ತದೆ. ಏರು ಮಾಡಿ ಮೂರನೇ ಒಂದು ಭಾಗ ಮಣ್ಣಲ್ಲಿ ಹೂಳಿ, ಬುಡದಲ್ಲಿ ನೀರು ನಿಲ್ಲಬಾರದು. ಬಿಳಿ ಹತ್ತಿಯಂಥದ್ದು ಕಂಡರೆ ಬೆರಳಲ್ಲಿ ಒತ್ತಿ. ಕಡುಗೆಂಪು ಬಣ್ಣ ಬಂದರೆ ಅದೇ ಕೊಚಿನಿಲ್. ಜೋರು ನೀರು ಬಿಟ್ಟು ಬ್ರಷ್‌ನಲ್ಲಿ ಉಜ್ಜಿ ತೆಗೆಯಿರಿ.

ತುಂಬಾ ನೀರಿನಂಶದ ಮೇವು ಇದು. ಸುಮ್ನೆ ಇದನ್ನೇ ಜಾಸ್ತಿ ಹಾಕಿದರೆ ಭೇದಿ ಆಗುತ್ತದೆ, ಸಣ್ಣಗೆ ಹೆಚ್ಚಿ ಒಣಮೇವಿನ ಜೊತೆ ಕೊಡಿ. ಮತ್ತೆ, ನೆಟ್ಟ ಮೊದಲ ಎರಡು ವರ್ಷ ಗಟ್ಟಿ ಬೇಲಿ ಇರಲಿ. ನಿಮ್ಮ ಮೇಕೆಗಳೂ ಎಸ್ಪನ್ಯೋಲಾದ ಮೇಕೆಗಳಿಗಿಂತ ಒಳ್ಳೆಯವೇನಲ್ಲ, ಅಲ್ವಾ?