ಅಮೆರಿಕದ ಫ್ಯಾಮಿಲಿ ಡಾಕ್ಟ್ರ ಕ್ಲಿನಿಕ್‌ನಲ್ಲಿ ಗ್ಲಾಕೋಮಾ ಸ್ಕ್ರೀನಿಂಗ್ ಮಾಡಿದ್ರೆ ಮೆಡಿಕೇರ್ ಯಾಕೆ ಡಿನೈ ಮಾಡುತ್ತೆ?

ನಾನೂ ಬೆಂಗಳೂರಲ್ಲಿ ನೈಟ್ ಶಿಫ್ಟ್ ಮಾಡ್ಕೊಂಡು ಅಮೆರಿಕದ ಕ್ಲಿನಿಕ್‌ಗಳ ಡಿನಯಲ್ (ಇನ್ಶೂರೆನ್ಸ್‌ನೋರು ದುಡ್ಡು ಕೊಡಲ್ಲ ಅಂದ ಬಿಲ್ಲು) ನೋಡೋನೇ, ಈ ಕೇಸು ಆಗಾಗ ಬರ್ತಾನೇ ಇರುತ್ತೆ. ಮೆಡಿಕೇರ್ ಅಂದ್ರೆ ಅಲ್ಲಿ ಮುಖ್ಯವಾಗಿ ವಯಸ್ಸಾದವರ ಸರ್ಕಾರಿ ಇನ್ಶೂರೆನ್ಸ್, ಗ್ಲಾಕೋಮಾ ಅಂದ್ರೆ ಕಣ್ಣಿನ ನರ ಹಾಳಾಗೋ ಕಾಯಿಲೆ. ನೀವು ಹೇಳಿರೋ ಪ್ರಕಾರ ಕ್ಲೈಂಟ್‌ದು ಫ್ಯಾಮಿಲಿ ಪ್ರಾಕ್ಟೀಸ್, ಕೈಯಲ್ಲಿ ಹಿಡಿಯೋ ಟೋನೋಮೀಟರ್ ತಗೊಂಡಿದಾರೆ, ನರ್ಸು ಶುಗರ್ ಪೇಷೆಂಟ್‌ಗಳ ಕಣ್ಣಿನ ಪ್ರೆಶರ್ ನೋಡ್ತಾರೆ, ನೀವು ಜಿ0117 ಅನ್ನೋ ಬಿಲ್ಲಿಂಗ್ ಕೋಡ್ ಹಾಕಿ ಕ್ಲೇಮ್ ಕಳಿಸ್ತೀರ, ಎಲ್ಲಾ ಡಿನೈ ಆಗ್ತಿದೆ, ಡಯಾಗ್ನೋಸಿಸ್ ಕೋಡ್ ಬದಲಾಯಿಸ್ಬೇಕಾ ಅಂತ ಪ್ರಶ್ನೆ. ಬೇಡ, ನೀವು ಹಾಕಿರೋ ಡಯಾಗ್ನೋಸಿಸ್ ಕೋಡ್ ಝಡ್13.5 (ಕಣ್ಣು, ಕಿವಿ ಸ್ಕ್ರೀನಿಂಗ್‌ದು) ಸರಿಯಾಗೇ ಇದೆ. ತಕರಾರು ಇರೋದು ಮಾಡ್ತಿರೋರು ಯಾರು ಅನ್ನೋದ್ರಲ್ಲಿ.

ಜಿ0117 ಅಂದ್ರೆ ಆಪ್ಟೋಮೆಟ್ರಿಸ್ಟ್ (ದೃಷ್ಟಿ ಪರೀಕ್ಷೆ ಮಾಡೋ ತಜ್ಞರು) ಅಥವಾ ಕಣ್ಣಿನ ಡಾಕ್ಟ್ರು ಸ್ವತಃ ಮಾಡಿರ್ಬೇಕು. ಜಿ0118 ಅಂದ್ರೆ ಬೇರೆಯವ್ರು ಮಾಡ್ಬಹುದು, ಆದ್ರೆ ಅವ್ರಿಬ್ರಲ್ಲಿ ಒಬ್ರ ಡೈರೆಕ್ಟ್ ಸೂಪರ್ವಿಷನ್ ಇರ್ಬೇಕು, ಬರೀ ಫೋನಲ್ಲಿ ಸಿಗ್ತಾರೆ ಅಂದ್ರೆ ನಡಿಯಲ್ಲ. ಫ್ಯಾಮಿಲಿ ಡಾಕ್ಟ್ರು ನರ್ಸ್ ಪಕ್ಕದಲ್ಲೇ ನಿಂತಿದ್ರೂ ಲೆಕ್ಕಕ್ಕಿಲ್ಲ. ಇಆರ್‌ಎ (ಕ್ಲೇಮ್‌ಗೆ ಏನಾಯ್ತು ಅಂತ ಇನ್ಶೂರೆನ್ಸ್‌ನೋರು ಕಳಿಸೋ ಎಲೆಕ್ಟ್ರಾನಿಕ್ ವಿವರ) ತೆಗ್ದು ನೋಡಿ, ಸಿಒ 170 ಅಂತ ಇದ್ರೆ ಈ ಥರದ ಪ್ರೊವೈಡರ್‌ಗೆ ಇದಕ್ಕೆ ದುಡ್ಡಿಲ್ಲ ಅಂತ ಅರ್ಥ, ಅಪೀಲ್ ಹಾಕಿ ಟೈಮ್ ವೇಸ್ಟ್ ಮಾಡ್ಬೇಡಿ. ಸಿಒ, ಅಂದ್ರೆ ಆ ಮೊತ್ತ ಪ್ರೊವೈಡರ್‌ದೇ ಹೊಣೆ, ಅಂತ ಇರೋದ್ರಿಂದ ಪೇಷೆಂಟ್ ಮೇಲೂ ಹಾಕೋ ಹಾಗಿಲ್ಲ.

ಇನ್ನೊಂದು, ಬರೀ ಪ್ರೆಶರ್ ನೋಡಿದ್ರೆ ಅದು ಮೆಡಿಕೇರ್ ಲೆಕ್ಕದಲ್ಲಿ ಸ್ಕ್ರೀನಿಂಗೇ ಅಲ್ಲ. ಡ್ರಾಪ್ಸ್ ಹಾಕಿ ಪಾಪೆ ಹಿಗ್ಗಿಸಿ ಕಣ್ಣು ನೋಡ್ಬೇಕು, ಪ್ರೆಶರ್ ಅಳೀಬೇಕು, ಆಫ್ತಾಲ್ಮೋಸ್ಕೋಪ್ ಅಥವಾ ಸ್ಲಿಟ್ ಲ್ಯಾಂಪಲ್ಲಿ ಪರೀಕ್ಷೆ ಆಗ್ಬೇಕು. ನನಗಂತೂ ಈ ರೂಲು ನ್ಯಾಯವಾಗೇ ಕಾಣುತ್ತೆ, ಯಾಕಂದ್ರೆ ಪ್ರೆಶರ್ ನಾರ್ಮಲ್ ಇದ್ದೂ ಕಣ್ಣಿನ ನರ ಹಾಳಾಗಿರೋರು ಬೇಕಾದಷ್ಟು ಜನ ಇದಾರೆ, ಮಷೀನು ಓಕೆ ಅಂತು ಅಂತ ಮನೆಗೆ ಕಳಿಸಿಬಿಟ್ರೆ ಗತಿ ಏನು.

ನಿಮ್ಮ ಟೀಮಲ್ಲಿ ಯಾರೋ 92100 ಹಾಕೋಣ ಅಂದ್ರಂತಲ್ಲ, ದಯವಿಟ್ಟು ಬೇಡ ಕಣ್ರೀ. ಅದು ಸೀರಿಯಲ್ ಟೋನೋಮೆಟ್ರಿ, ದಿನದಲ್ಲಿ ಬೇರೆಬೇರೆ ಹೊತ್ತಲ್ಲಿ ಹಲವು ಸಲ ಪ್ರೆಶರ್ ನೋಡಿ ಏರಿಳಿತ ಬರ್ದಿಡೋದು. ಒಂದೇ ಸಲ ನೋಡಿದ್ದಕ್ಕೆ ಪ್ರತ್ಯೇಕ ಬಿಲ್ ಇಲ್ಲ, ಆಫೀಸ್ ವಿಸಿಟ್ಟಲ್ಲೇ ಸೇರ್ಕೊಳ್ಳುತ್ತೆ. 92229 ಅಂತ ಒಂದಿದೆ, 2021ರಿಂದ, ಎಐ ಕ್ಯಾಮೆರಾ ರೆಟಿನಾ ಫೋಟೋ ತೆಗ್ದು ರಿಪೋರ್ಟ್ ಕೊಡೋದು, ಅದನ್ನ ಪ್ರೈಮರಿ ಕೇರ್‌ನಲ್ಲೂ ಬಿಲ್ ಮಾಡ್ತಾರೆ, ಆದ್ರೆ ಅದು ಶುಗರ್‌ನಿಂದ ರೆಟಿನಾ ಹಾಳಾಗೋದನ್ನ ನೋಡೋಕೆ, ಗ್ಲಾಕೋಮಾಗಲ್ಲ. ಮಷೀನ್ ಮಾರೋರು ಎರಡನ್ನೂ ಕಲಸಿ ಹೇಳ್ತಾರೆ, ನಂಬ್ಬೇಡಿ.

ಪ್ರೈವೇಟ್ ಇನ್ಶೂರೆನ್ಸಲ್ಲಿ ಫ್ರೀ ಪ್ರಿವೆಂಟಿವ್ ಅಂತ ಕೇಳೋಕೂ ಆಧಾರ ಇಲ್ಲ, ಅಲ್ಲಿನ ಪ್ರಿವೆಂಟಿವ್ ಟಾಸ್ಕ್ ಫೋರ್ಸ್ (ಯಾವ ಸ್ಕ್ರೀನಿಂಗ್ ಮಾಡ್ಬೇಕು ಅಂತ ಶಿಫಾರಸು ಮಾಡೋ ತಜ್ಞರ ಗುಂಪು) 2022ರಲ್ಲಿ ಗ್ಲಾಕೋಮಾ ಸ್ಕ್ರೀನಿಂಗ್‌ಗೆ ಸಾಕ್ಷ್ಯ ಸಾಲದು ಅಂತ ಹೇಳಿಬಿಟ್ಟಿದೆ.

ಹಾಗಾಗಿ ಕ್ಲೈಂಟ್‌ಗೆ ಹೇಳಿ, ರಿಸ್ಕ್ ಇರೋರನ್ನ ಕಣ್ಣಿನ ಡಾಕ್ಟ್ರಿಗೆ ರೆಫರ್ ಮಾಡ್ಲಿ. ಶುಗರ್ ಇರೋರು, ಮನೇಲಿ ಗ್ಲಾಕೋಮಾ ಇರೋರು, 50 ಅಥವಾ ಅದಕ್ಕೂ ಮೇಲಿನ ವಯಸ್ಸಿನ ಆಫ್ರಿಕನ್ ಅಮೆರಿಕನ್ನರು, 65 ಅಥವಾ ಅದಕ್ಕೂ ಮೇಲಿನ ಹಿಸ್ಪಾನಿಕ್ ಮೂಲದೋರು, ಇಷ್ಟೇ ಜನಕ್ಕೆ ಮೆಡಿಕೇರ್ ಕವರೇಜ್. ಹಿಂದಿನ ಸ್ಕ್ರೀನಿಂಗ್ ಆದ ತಿಂಗಳು ಬಿಟ್ಟು ಪೂರ್ತಿ 11 ತಿಂಗಳು ಕಳೆದಿರ್ಬೇಕು. ಪೇಷೆಂಟ್‌ಗೂ ಮೊದ್ಲೇ ಹೇಳಿಡಿ, ಮೆಡಿಕೇರ್‌ನ ಪಾರ್ಟ್ ಬಿ (ಡಾಕ್ಟ್ರ ಸೇವೆಗಳ ಭಾಗ) ಡಿಡಕ್ಟಿಬಲ್, ಅಂದ್ರೆ ವರ್ಷದಲ್ಲಿ ಮೊದ್ಲು ಪೇಷೆಂಟೇ ಕಟ್ಟೋ ಮೊತ್ತ, ಆದ್ಮೇಲೂ 20 ಪರ್ಸೆಂಟ್ ಅವ್ರೇ ಕಟ್ಬೇಕು, ಪೂರ್ತಿ ಫ್ರೀ ಅನ್ಕೊಂಡು ಬಂದು ಆಮೇಲೆ ಜಗಳ ಮಾಡ್ತಾರೆ.

ಹಳೇ ಕ್ಲೇಮ್‌ಗಳಲ್ಲಿ ಅಪ್ಪಿತಪ್ಪಿ ಪೇ ಆಗಿರೋದು ಇದಾವಾ ಅಂತಾನೂ ಹುಡುಕಿ. ಸಿಕ್ರೆ ಮ್ಯಾನೇಜರ್‌ಗೆ ಮೇಲ್ ಹಾಕಿ ಅವತ್ತೇ ಹೇಳ್ಬಿಡಿ, ಜಾಸ್ತಿ ಬಂದ ದುಡ್ಡು ಗೊತ್ತಾದ್ಮೇಲೆ ವಾಪಸ್ ಮಾಡೋಕೆ ಇರೋ ಟೈಮು 60 ದಿನ.