ಇತಿಹಾಸ, ಅರ್ಥಶಾಸ್ತ್ರ ಮತ್ತು ಬಿಡಬಾರದ ಗಣಿತ: ಒಂದು ಆಪ್ತಸಲಹೆ ಪ್ರಕರಣ

ದ್ವಿತೀಯ ಪಿಯುಸಿಯಲ್ಲಿ ಪಿಸಿಎಂಬಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ) ಓದಿ, ನೀಟ್‌ನಲ್ಲಿ ನಿರೀಕ್ಷಿತ ಅಂಕ ಬಾರದ ವಿದ್ಯಾರ್ಥಿನಿಯೊಬ್ಬಳು ತಂದೆಯೊಂದಿಗೆ ಸಲಹೆಗೆ ಬಂದಿದ್ದಳು. ಅವಳನ್ನು ಸುಮಾ ಎಂದು ಕರೆಯುತ್ತೇನೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಹಾಸನ ಜಿಲ್ಲೆಯಲ್ಲಿ ಆಲೂಗಡ್ಡೆ ಬೆಳೆಯುವ ಕುಟುಂಬ. ಮಗಳು ಬಿ.ಎಸ್ಸಿ. ಸೇರಲಿ ಎಂಬುದು ತಂದೆಯ ಆಸೆ. ಅವಳಿಗೆ ಬೇಕಾದದ್ದು ಬಿ.ಎ.ಯಲ್ಲಿ ಎಚ್‌ಇಪಿ, ಅಂದರೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ. “ಬೇರೆಲ್ಲೂ ಸೀಟು ಸಿಗದವರು ಬಿ.ಎ.ಗೆ ಹೋಗ್ತಾರೆ ಮೇಡಂ, ಇವಳಿಗೇನು ಕಮ್ಮಿ?” ಎಂದು ತಂದೆ ಕೇಳಿದರು.

ಸುಮಾ ಒಂದು ನೋಟ್‌ಬುಕ್ ತಂದಿದ್ದಳು. ಅಪ್ಪನ ಹಳೆಯ ಲೆಕ್ಕದ ಪುಸ್ತಕದಿಂದ ಬಿತ್ತನೆ ಗಡ್ಡೆಯ ಬೆಲೆಯನ್ನೂ ಎಪಿಎಂಸಿಯಲ್ಲಿ ಸಿಕ್ಕ ದರವನ್ನೂ ವರ್ಷವಾರು ಬರೆದುಕೊಂಡು ಗ್ರಾಫ್ ಎಳೆದಿದ್ದಳು. ಅಂಗಮಾರಿ ರೋಗ ಬಿದ್ದ ವರ್ಷಗಳಿಗೆ ಕೆಂಪು ಶಾಯಿಯ ಗುರುತಿತ್ತು. ಅಂಚಿನಲ್ಲಿ ಒಂದು ಪ್ರಶ್ನೆ: “ಜಲಂಧರ್‌ನಿಂದ ಗಡ್ಡೆ ತರಿಸೋದು ಯಾವಾಗ ಶುರುವಾಯ್ತು, ಯಾಕೆ?” ಆ ಒಂದು ಪುಟದಲ್ಲಿ ಇತಿಹಾಸ, ಅರ್ಥಶಾಸ್ತ್ರ, ಗಣಿತ ಮೂರೂ ಇದ್ದವು. ಅದನ್ನು ತಂದೆಗೆ ತೋರಿಸಿ, ಕಲೆಯೋ ವಿಜ್ಞಾನವೋ ಎಂಬ ಜಗಳವನ್ನು ಬದಿಗಿಟ್ಟು ಯಾವ ಮೂರು ವಿಷಯಗಳು ಎಂದು ಯೋಚಿಸೋಣ ಎಂದೆ.

2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಡಿ ಬಂದ ನಾಲ್ಕು ವರ್ಷದ ಚೌಕಟ್ಟನ್ನು ಬಿಟ್ಟು ರಾಜ್ಯದ ವಿಶ್ವವಿದ್ಯಾಲಯಗಳು 2024-25ರಿಂದ ಮೂರು ವರ್ಷದ, ಮೂರು ಪ್ರಧಾನ ವಿಷಯಗಳ ಪದವಿಗೆ ಮರಳಿವೆ. ಆದ್ದರಿಂದ ಕಾಂಬಿನೇಷನ್ ಆಯ್ಕೆಗೆ ಮತ್ತೆ ಹಿಂದಿನ ತೂಕವೇ ಬಂದಿದೆ. ನನ್ನ ಸಲಹೆ ಅರ್ಥಶಾಸ್ತ್ರ, ಗಣಿತ, ಸಂಖ್ಯಾಶಾಸ್ತ್ರ.

ಇತಿಹಾಸ ಕೈಬಿಟ್ಟುಹೋಗುತ್ತದೆ ಎಂದು ಸುಮಾಳ ಕಣ್ಣಲ್ಲಿ ನೀರು ಬಂತು. ಆ ದುಃಖ ಸಣ್ಣದೆಂದು ನಾನು ಭಾವಿಸಲಿಲ್ಲ. ಆದರೆ ಬಿಟ್ಟ ವಿಷಯಗಳಿಗೆಲ್ಲ ಮರಳುವ ದಾರಿ ಒಂದೇ ತೆರನಾಗಿರುವುದಿಲ್ಲ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದಲ್ಲಿ ಯಾವುದೇ ಪದವಿ ಪಡೆದವರೂ ಇತಿಹಾಸದಲ್ಲಿ ಎಂ.ಎ. ಓದಬಹುದು; ಬಿ.ಎಲ್. ರೈಸ್ ಸಂಪಾದಿಸಿದ ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕಾದ ಹಾಸನ ಜಿಲ್ಲೆಯ ಸಂಪುಟವನ್ನು ಅವಳು ಇಂದೇ ತೆರೆದು ಓದಬಹುದು. ಗಣಿತವನ್ನು ಮೂರು ವರ್ಷ ಮುಟ್ಟದೆ ಮತ್ತೆ ಹಿಡಿಯುವವರು ಬಹಳ ವಿರಳ. ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಂಥ ಕಡೆ ಅರ್ಥಶಾಸ್ತ್ರದ ಸ್ನಾತಕೋತ್ತರ ಪ್ರವೇಶ ಪರೀಕ್ಷೆಯಲ್ಲಿ ಕಲನಶಾಸ್ತ್ರವನ್ನೇ (ಕ್ಯಾಲ್ಕುಲಸ್) ಕೇಳುತ್ತಾರೆ. ದೆಹಲಿ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಆನರ್ಸ್ ಪದವಿಗೇ ಗಣಿತ ಕಡ್ಡಾಯ. ಅವಳ ಪಿಯುಸಿ ಗಣಿತ ಈಗ ಕೈಯಲ್ಲಿದೆ, ಅದನ್ನು ಕಳೆದುಕೊಳ್ಳುವುದು ಬೇಡ.

ತಂದೆಯ ಕೆಲಸದ ಚಿಂತೆಗೆ ನೇರವಾಗಿಯೇ ಉತ್ತರಿಸಿದೆ: ಬರೀ ಬಿ.ಎ.ಯಿಂದ ಕೆಲಸ ಸಿಗುವುದು ಕಷ್ಟ, ಬರೀ ಬಿ.ಎಸ್ಸಿ.ಯಿಂದಲೂ ಅಷ್ಟೇ ಕಷ್ಟ. ಕೆಎಎಸ್ ಪರೀಕ್ಷೆಗೆ ಯಾವ ಪದವಿಯಾದರೂ ನಡೆಯುತ್ತದೆ. ಭಾರತೀಯ ಆರ್ಥಿಕ ಸೇವೆಗೆ ಅರ್ಥಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಬೇಕು. ಎಚ್‌ಇಪಿಯೇ ಬೇಕೆಂದು ಅವಳು ನಿಶ್ಚಯಿಸಿದರೆ ಅದು ಸೋಲಲ್ಲ, ಸಮಾಜ ವಿಜ್ಞಾನದ ಶಿಕ್ಷಕಿಯಾಗಲು ಬಿ.ಇಡಿ. ಜೊತೆಗೆ ಅದು ಒಳ್ಳೆಯ ದಾರಿ ಎಂದೂ ತಿಳಿಸಿದೆ.

ನಿರ್ಧಾರಕ್ಕೆ ಮುನ್ನ ಎರಡೂ ಕಾಂಬಿನೇಷನ್‌ಗಳ ಮೊದಲ ಸೆಮಿಸ್ಟರ್ ಪಠ್ಯಕ್ರಮ ಮತ್ತು ಹಳೆಯ ಪ್ರಶ್ನೆಪತ್ರಿಕೆಗಳನ್ನು ಕುಳಿತು ಓದುವಂತೆ ಹೇಳಿದೆ. ಪ್ರಾಸ್ಪೆಕ್ಟಸ್‌ನಲ್ಲಿ ಅಚ್ಚಾದ ಕಾಂಬಿನೇಷನ್ ವಿದ್ಯಾರ್ಥಿಗಳಿಲ್ಲದೆ ನಡೆಯದಿರುವುದುಂಟು. ಈ ವರ್ಷ ತರಗತಿ ನಡೆಯುತ್ತದೆಯೇ, ಸಂಖ್ಯಾಶಾಸ್ತ್ರಕ್ಕೆ ಕಾಯಂ ಉಪನ್ಯಾಸಕರಿದ್ದಾರೆಯೇ ಎಂದು ಪ್ರಾಂಶುಪಾಲರನ್ನೇ ಕೇಳಿ ಬನ್ನಿ ಎಂದು ತಂದೆಗೆ ತಿಳಿಸಿದೆ.

ಅವರು ವಿಚಾರಿಸಿಕೊಂಡು ಬಂದರು. ಸುಮಾ ಅರ್ಥಶಾಸ್ತ್ರ, ಗಣಿತ, ಸಂಖ್ಯಾಶಾಸ್ತ್ರವನ್ನು ಆರಿಸಿ ರಾಜ್ಯದ ಪದವಿ ಪ್ರವೇಶದ ಯುಯುಸಿಎಂಎಸ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದ್ದಾಳೆ. ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲ್‌ಗೆ ಪ್ರತ್ಯೇಕ ಅರ್ಜಿ ಹಾಕಬೇಕಾದ್ದರಿಂದ, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ಈಗಲೇ ನಾಡಕಚೇರಿಯಿಂದ ಪಡೆದಿಟ್ಟುಕೊಳ್ಳಲು ತಂದೆಗೆ ಸೂಚಿಸಿದ್ದೇನೆ.