ಹುಳುಗಳ ವರ್ಗೀಕರಣದ ಟೇಬಲ್ ಬಾಯಿಪಾಠ ಮಾಡಲು ಸುಲಭ ದಾರಿ ಇದೆಯಾ?

ಅಯ್ಯೋ, ಇದೇ ಟೇಬಲ್ಲನ್ನು ಮಂಡ್ಯದ ಹಾಸ್ಟೆಲ್ ಗೋಡೆಗೆ ಅನ್ನದ ಅಗುಳು ಹಚ್ಚಿ ಅಂಟಿಸಿಕೊಂಡಿದ್ದವನು ನಾನು. ಚಪ್ಪಟೆಹುಳುವಿಗೆ ಸೀಲೋಮ್ (ಹೊರಗೋಡೆಗೂ ಕರುಳಿಗೂ ನಡುವಿನ ಖಾಲಿ ಜಾಗ) ಇಲ್ಲ, ದುಂಡುಹುಳುವಿಗೆ ಹುಸಿ ಸೀಲೋಮ್, ಎರೆಹುಳುವಿಗೆ ನಿಜ ಸೀಲೋಮ್. ನಿದ್ದೆಗಣ್ಣಲ್ಲಿ ಕೇಳಿದರೂ ಹೇಳುತ್ತಿದ್ದೆ.

ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಹುಳುವೊಂದನ್ನು ಅಡ್ಡ ಕೊಯ್ದ ಸ್ಲೈಡ್ ಇಟ್ಟಿದ್ದರು. ಸುತ್ತ ಹೊರಗೋಡೆ, ನಡುವೆ ಕರುಳು, ಎರಡರ ಮಧ್ಯೆ ಖಾಲಿ ಜಾಗ. ಜಾಗ ಕಂಡದ್ದೇ ತಡ, 'ಎರೆಹುಳು, ನಿಜ ಸೀಲೋಮ್' ಎಂದು ಗೀಚಿ ಮುಂದಿನ ಮೇಜಿಗೆ ಹೋದೆ. ಅದು ಆಸ್ಕರಿಸ್ ಎಂಬ ದುಂಡುಹುಳು! ಎರಡೇ ಅಂಕಕ್ಕೆ ಫೇಲ್, ಒಂದು ವರ್ಷ ಹೋಯಿತು.

ತಪ್ಪು ಎಲ್ಲಾಯಿತು ಅಂದರೆ, ಜಾಗ ಇದೆಯೋ ಇಲ್ಲವೋ ಅಂತಷ್ಟೇ ನೋಡಿದೆ. ನೋಡಬೇಕಾದ್ದು ಆ ಜಾಗದ ಎರಡೂ ಕಡೆ ಏನಿದೆ ಅಂತ. ಎರೆಹುಳುವಿನಲ್ಲಿ ಮೀಸೋಡರ್ಮ್‌ನಿಂದ (ಭ್ರೂಣದ ನಡುವಿನ ಪದರದಿಂದ) ಬಂದ ಹೊದಿಕೆ ಹೊರಗೋಡೆಯ ಒಳಮೈಗೂ ಇದೆ, ಕರುಳಿನ ಹೊರಮೈಗೂ ಇದೆ, ಕರುಳಿಗೆ ತನ್ನದೇ ಸ್ನಾಯು ಕೂಡ ಇದೆ. ಆಸ್ಕರಿಸ್‌ನಲ್ಲಿ ಸ್ನಾಯು ಹೊರಗೋಡೆಗೆ ಮಾತ್ರ, ಕರುಳು ಒಂದೇ ಸಾಲು ಜೀವಕೋಶಗಳ ಬರೀ ಕೊಳವೆ, ಹಾಗಾಗಿ ಅದು ಹುಸಿ ಸೀಲೋಮ್. ಗೋಡೆಯಲ್ಲೂ ಉದ್ದ ಸ್ನಾಯು ಬಿಟ್ಟರೆ ಬಳೆಯಂಥ ಸುತ್ತು ಸ್ನಾಯು ಇಲ್ಲ, ಅದಕ್ಕೇ ದುಂಡುಹುಳು ಎರೆಹುಳುವಿನ ಹಾಗೆ ಕುಗ್ಗಿ ಹಿಗ್ಗಿ ಹೋಗುವುದಿಲ್ಲ, ಸುಮ್ನೆ ಅತ್ತಿತ್ತ ಬಳುಕುತ್ತದೆ. ಇಷ್ಟೂ ಆ ಸ್ಲೈಡ್‌ನಲ್ಲೇ ಇತ್ತು, ನನ್ನ ಟೇಬಲ್‌ನಲ್ಲಿ ಇರಲಿಲ್ಲ.

ಆ ವರ್ಷ ಊರಲ್ಲಿದ್ದಾಗ ಮಾಂಸದಂಗಡಿಯವರು ಎಸೆಯುತ್ತಿದ್ದ ಕುರಿ ಲಿವರ್‌ನಿಂದ ಎಲೆಯಂಥ ಫ್ಲೂಕ್ ಎಂಬ ಚಪ್ಪಟೆಹುಳು ತಂದು ಬ್ಲೇಡಿನಲ್ಲಿ ಕೊಯ್ದೆ. (ನಮ್ಮ ನಾಲೆ ಬಯಲಿನ ಬಸವನಹುಳುಗಳಲ್ಲಿ ಬೆಳೆದು, ಹುಲ್ಲಿನ ಜೊತೆ ಕುರಿಯ ಹೊಟ್ಟೆ ಸೇರುತ್ತದೆ.) ಒಳಗೆಲ್ಲ ಗಿಜಿಗಿಜಿ, ಖಾಲಿ ಜಾಗವೇ ಇಲ್ಲ. ಸೀಲೋಮ್ ಇಲ್ಲ ಅಂದರೆ ಏನು ಅಂತ ಅವತ್ತು ಅರ್ಥವಾಯಿತು.

ಹಾಗಾಗಿ ಬಾಯಿಪಾಠಕ್ಕೆ ದಾರಿ ಕೇಳಬೇಡಿ. ಮೂರು ಹುಳುವಿನ ಅಡ್ಡಕೊಯ್ತದ ಚಿತ್ರ ನೋಡದೇ ಬರೆಯಲು ಬರುವವರೆಗೆ ಬರೆಯಿರಿ. ಇನ್ನೊಂದು, ಆ ಟೇಬಲ್ಲನ್ನು ವಂಶಾವಳಿ ಅಂದುಕೊಳ್ಳಬೇಡಿ. 1997ರಲ್ಲಿ ಜೀನ್ ಹೋಲಿಸಿ ನೋಡಿದಾಗ ದುಂಡುಹುಳು ಸೇರಿದ್ದು ಪೊರೆ ಕಳಚುವ ಕೀಟ, ಏಡಿಗಳ ಗುಂಪಿಗೆ. ಎರೆಹುಳು ಬಸವನಹುಳುವಿನ ಕಡೆಯದು.

ಮರುವರ್ಷ ಅದೇ ಆಸ್ಕರಿಸ್ ಇಡುತ್ತಾರೆ, ಮೊದಲು ಕರುಳು ನೋಡಬೇಕು ಅಂತ ಹೋದೆ. ಲಾಡಿಹುಳು ಇಟ್ಟಿದ್ದರು. ಅದಕ್ಕೆ ಕರುಳೇ ಇಲ್ಲ.